ಹೊಗೆ ಕೂತ ಚಿತ್ರ

ನಮ್ಮ ಯಜಮಾನರಿಗೆ ಟಿ.ವಿ. ಮಸುಕಾಗಿ ಕಾಣತೊಡಗಿದ ಮೇಲೆ ಮನೆಯಲ್ಲಿ ಬೈಗುಳ ತಿನ್ನದೆ ಉಳಿದವರೇ ಇಲ್ಲ. ಮೊದಲು ಕೇಬಲ್ಲಿನವನ ಜನ್ಮ ಜಾಲಾಡಿದರು. ಆಮೇಲೆ ಗಾಜು ನೆಟ್ಟಗೆ ಒರೆಸುವುದಿಲ್ಲವೆಂದು ನನ್ನ ಮೇಲೆ ಹರಿಹಾಯ್ದರು. ಕೊನೆಗೆ ತಪ್ಪೆಲ್ಲ ಹಳೇ ಡಿಸ್ಕ್ ಪ್ಲೇಯರಿನದೆಂದು ತೀರ್ಮಾನವಾಯಿತು.

"ಅದರ ಕಥೆ ಮುಗೀತು ಕಣೇ. ಈಗ ಎಚ್‌ಡಿ ಪ್ಲೇಯರ್ ಬಂದಿದೆ. ಕೂದಲು ಕೂದಲೂ ಬಿಡಿಬಿಡಿಯಾಗಿ ಕಾಣುತ್ತಂತೆ. ಒಂದು ತಂದುಬಿಡೋಣ," ಎಂದರು.

ಕಣ್ಣಿನ ವಿಷಯದಲ್ಲಿ ಅವರಿಗೆ ಎದುರಾಡುವುದು ಹೇಗೆ? ಮದುವೆಗೆ ಮುಂಚಿನಿಂದಲೂ ಬಟ್ಟೆ ಮಿಲ್ಲಿನಲ್ಲಿ ಬಣ್ಣ ಹೊಂದಿಸುವ ಕೆಲಸ ಅವರದು. ಗಿರಾಕಿ ಕಳಿಸಿದ ಚೂರು ಬಟ್ಟೆಯನ್ನೂ ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದ ಚೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು ಇವರು ಒಪ್ಪಿದರೆ ಮಾತ್ರ ಬಟ್ಟೆಯ ಇಡೀ ಥಾನು ತೊಟ್ಟಿಗೆ ಇಳಿಯುವುದು. ಮಿಲ್ಲಿನವರು ಇವರನ್ನು ಕರೆಯುವುದೇ 'ಹದ್ದಿನಕಣ್ಣು' ಎಂದು. ಆ ಕಣ್ಣಿನಿಂದಲೇ ನಮ್ಮ ಒಲೆ ಉರಿಯುತ್ತಿರುವುದು. ಅಂಥವರು ಟಿ.ವಿ. ಮಸುಕೆಂದರೆ ಟಿ.ವಿ.ಯೇ ಮಸುಕು, ಅಷ್ಟೇ! ಹೋದ ತಿಂಗಳು ಇವರು ಒಪ್ಪಿದ ನೀಲಿ ಬಟ್ಟೆಯನ್ನು ಗಿರಾಕಿ ಬಣ್ಣ ತಪ್ಪಿದೆಯೆಂದು ವಾಪಸು ಕಳಿಸಿದ್ದ. ಇವರು ಬಣ್ಣದ ಪುಡಿಯನ್ನು ಬೈದರು. ಜೊತೆಗೆ ಕೂತು ನಾನೂ ಬೈದೆ.

ಸರಿ, ಅಂಗಡಿಗೆ ಹೋದೆವು. ಟೈ ಕಟ್ಟಿದ ಸೇಲ್ಸ್‌ಮನ್ ಒಂದು ಪ್ಲೇಯರಿಗೆ ಡಿಸ್ಕ್ ತುರುಕಿ ಗುಂಡಿ ಒತ್ತಿದ. ಪರದೆಯ ತುಂಬ ಒಬ್ಬ ಮುದುಕಿಯ ಮುಖ. ಅಬ್ಬಾ, ಅದೇನು ಚಿತ್ರ! ಕೆನ್ನೆಯ ಒಂದೊಂದು ಸುಕ್ಕು, ಕಣ್ಣಂಚಿನ ತೇವ, ಗಲ್ಲದ ಮೇಲೊಂದು ಒಂಟಿ ಕೂದಲು. ಕೈ ಹಾಕಿ ಅದನ್ನು ಕಿತ್ತುಬಿಡೋಣ ಅನ್ನಿಸಿತು ನನಗೆ.

"ಇದರದೂ ಅದೇ ಹಣೆಬರಹ," ಎಂದರು ಯಜಮಾನರು.

"ಸರ್, ಇದು ಪಕ್ಕಾ ಎಚ್‌ಡಿ ಸರ್."

"ಎಂಥ ಪಕ್ಕಾ! ನಟ್ಟನಡುವೆ ಹೊಗೆ ಕೂತಿದೆಯಲ್ರೀ. ಬೇರೆ ತೋರ್ಸಿ."

ಪಾಪ, ಅವನು ಇನ್ನೊಂದು ಪ್ಲೇಯರ್ ಜೋಡಿಸಿದ. ಇವರು ಮೂಗು ಮುರಿದರು. ಮತ್ತೊಂದು ತಂದ. ಅಂಗಡಿಯಲ್ಲೇ ಅದಕ್ಕಿಂತ ಮೇಲಿನದಿಲ್ಲವಂತೆ. ಇವರು ಕೋಳಿಯ ಹಾಗೆ ತಲೆ ಓರೆ ಮಾಡಿ ನೋಡಿದರು, ಮೂಗು ತಗಲುವಷ್ಟು ಹತ್ತಿರ ಹೋಗಿ ನೋಡಿದರು.

"ಆಯಪ್ಪನ ಮುಖ ಎಲ್ರೀ? ಬರೀ ಕಿವಿ ಕಾಣ್ತಿದೆ!"

ತಮಾಷೆ ಎಂದುಕೊಂಡು ಸೇಲ್ಸ್‌ಮನ್ ಪಕಪಕ ನಕ್ಕ. ನಾನು ಪರದೆ ನೋಡಿದೆ, ಇವರನ್ನು ನೋಡಿದೆ. ಎದುರಿಗಿದ್ದದ್ದು ಆಯಪ್ಪನಲ್ಲ, ಅದೇ ಮುದುಕಿ. ಪ್ಲೇಯರಿನದೂ ತಪ್ಪಲ್ಲ, ಬಣ್ಣದ ಪುಡಿಯದೂ ತಪ್ಪಲ್ಲ. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದ ನನಗೆ ಇದು ಹೊಳೆಯಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು!

ಇವರು ನನ್ನ ಕಡೆ ತಿರುಗಿದರು. ದನಿ ಇಳಿದಿತ್ತು. "ಲೇ, ನಿನಗೆ ಹೇಗೆ ಕಾಣ್ತಿದೆ? ನಿಜ ಹೇಳು."

ಏನು ಹೇಳಲಿ? ಚೆನ್ನಾಗಿದೆ ಅಂದರೆ, ನಿಮ್ಮ ಕಣ್ಣು ಹೋಗುತ್ತಿದೆ ಅಂತ ಅಂಗಡಿ ಜನರ ಮುಂದೆ ನಾನೇ ಸಾರಿದ ಹಾಗೆ. ಮಸುಕು ಅಂದರೆ, ನಾಳೆಯೂ ಮಿಲ್ಲಿಗೆ ಹೋಗಿ ಆ ಚೂರುಗಳನ್ನು ಕಿಟಕಿಗೆ ಹಿಡಿಯುತ್ತಾರೆ, ಇನ್ನೊಂದು ಥಾನು ಕೆಡುತ್ತದೆ, ಕೆಲಸ ಹೋಗುತ್ತದೆ, ಡಾಕ್ಟರಿಗೆ ಕಣ್ಣು ತೋರಿಸುವ ಮಾತೇ ಏಳುವುದಿಲ್ಲ. ದಿನಾ ಇವರ ಮಾತಿಗೆ ಮಾತು ಜೋಡಿಸುವ ಬಾಯಿ ನನ್ನದು. ಇವರೋ ಕಣ್ಣು ಕಿರಿದು ಮಾಡಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ನಿಂತಿದ್ದರು.

"ಮಸುಕಾಗೇ ಇದೆ ರೀ," ಎಂದೆ.

"ಏನಮ್ಮಾ, ಇಷ್ಟು ಚೆನ್ನಾಗಿ..." ಎಂದು ಸೇಲ್ಸ್‌ಮನ್ ಬಾಯಿ ತೆರೆದ. ನಾನು ದುರುಗುಟ್ಟಿ ನೋಡಿದೆ. ಅವನು ತೆಪ್ಪಗೆ ವೈರುಗಳನ್ನು ಕೀಳತೊಡಗಿದ.

ಏನೂ ಕೊಳ್ಳದೆ ಹೊರಗೆ ಬಂದೆವು. ಮೆಟ್ಟಿಲಿಳಿಯುವಾಗ ಅವರ ಕಾಲು ತಡಕಾಡಿತು. ಕೈ ಹಿಡಿದುಕೊಂಡೆ. "ಏನೇ ಇದು, ಹೊಸದಾಗಿ ಮದುವೆಯಾದವಳ ಹಾಗೆ!" ಎಂದು ನಕ್ಕರು. ಬಸ್ ಸ್ಟಾಪಿನವರೆಗೂ ಈಗಿನ ಕಂಪನಿಗಳನ್ನೆಲ್ಲ ಒಂದು ಕಡೆಯಿಂದ ಜಾಡಿಸುತ್ತಲೇ ಬಂದರು. ಅಷ್ಟು ಹಗುರಾಗಿ ಅವರು ಮಾತಾಡಿ ಎಷ್ಟು ದಿನವಾಗಿತ್ತೋ.

"ನಿನಗೂ ಮಸುಕಾಗಿ ಕಂಡಿದ್ದು ಒಳ್ಳೇದಾಯ್ತು ಕಣೇ," ಎಂದರು ಆಮೇಲೆ. "ನನಗೊಬ್ಬನಿಗೇ ಹೀಗೇನೋ ಅಂತ ಹೆದರಿಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ."

"ಹೋಗ್ರೀ, ನಿಮ್ಮ ಕಣ್ಣಿಗೇನು ಧಾಡಿ..." ಎನ್ನಲು ಹೋದೆ. ಅರ್ಧಕ್ಕೇ ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಅವರ ನಗು ನಿಂತಿತು.

"ಯಾಕೆ ಅಳ್ತಿದ್ದೀಯ?" ಎಂದರು.

ನಾನು ಅವರ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಅವರು ಇನ್ನೊಂದು ಅಂಗೈಯನ್ನು ಬೆಳಕಿಗೆ ಹಿಡಿದು, ಚೂರು ಬಟ್ಟೆ ನೋಡುವ ಹಾಗೆ ನೋಡಿಕೊಂಡರು. ನಮ್ಮ ಬಸ್ಸು ಬಂದು, ಸ್ವಲ್ಪ ಹೊತ್ತು ನಿಂತು, ನಮ್ಮನ್ನು ಬಿಟ್ಟು ಹೊರಟುಹೋಯಿತು.