ಎಡಗಣ್ಣಿನ ಪದರ

“ನೀವು ನೋಡೋದು ಬೇಡ,” ಎಂದಳು ಹೆಂಡತಿ, ಕನ್ನಡಿಯಿಂದ ಮುಖ ಸರಿಸದೆ. “ಲೇಸರ್ ಮಾಡಿದವ್ರಿಗೇ ತೋರಿಸ್ತೀನಿ.”

ಅವನು ಟಾರ್ಚನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಹದಿನೆಂಟು ವರ್ಷದಿಂದ ಕಣ್ಣಿನ ಡಾಕ್ಟರು. ಸ್ವಂತ ಹೆಂಡತಿಯ ಕಣ್ಣು ನೋಡಲು ಅಪ್ಪಣೆಯಿಲ್ಲ.

“ಏನಾಗ್ತಿದೆ, ಅದನ್ನಾದ್ರೂ ಹೇಳು.”

“ಎಡಗಣ್ಣು ಸ್ವಲ್ಪ ಮಂಜು. ನಿನ್ನೆ ಇರ್ಲಿಲ್ಲ.”

“ನೋವು?”

“ಪೇಷಂಟನ್ನ ಕೇಳೋ ಹಾಗೆ ಕೇಳ್ಬೇಡಿ.”

ಕನ್ನಡಕ ಬಿಡಲೆಂದು ಅವಳು ಲೇಸರ್ ಮಾಡಿಸಿಕೊಂಡು ಮೂರು ದಿನವಾಗಿತ್ತು. ಕಣ್ಣಿನ ಮೇಲ್ಪದರವನ್ನು ಹಾಳೆ ತಿರುವಿದಂತೆ ಎತ್ತಿ, ಅಡಿಯಲ್ಲಿ ಲೇಸರ್ ಹಾಯಿಸಿ, ಮತ್ತೆ ಮುಚ್ಚುವುದು. ಒಂದು ಕಣ್ಣಿಗೆ ಹತ್ತು ನಿಮಿಷ ಸಾಕು. ಮಾಡಿದವನು ಅವನದೇ ಆಸ್ಪತ್ರೆಯ, ಅವನ ಕೈಕೆಳಗೇ ಕಲಿತ ಹುಡುಗ. ಹುಡುಗ ಎಂದು ಕರೆಯುವವನು ಈಗ ಅವನೊಬ್ಬನೇ. ರೋಗಿಗಳಿಗೆಲ್ಲ ಚಿಕ್ಕ ಡಾಕ್ಟರು.

ಎರಡು ವರ್ಷದ ಹಿಂದೆ ಅವಳು ಮೊದಲು ಕೇಳಿದ್ದು ಅವನನ್ನೇ. “ನಿನ್ನ ಪದರ ತೆಳು, ಆಗಲ್ಲ,” ಎಂದಿದ್ದ. ಅಳೆದಿರಲಿಲ್ಲ. ಯಾಕೆ ಅಳೆಯಲಿಲ್ಲ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದುಕೊಳ್ಳುವುದು ಅನುಕೂಲವಾಗಿತ್ತು. ಚಿಕ್ಕ ಡಾಕ್ಟರ್ ಅಳೆದ. ಪದರ ಬೇಕಾದಷ್ಟು ದಪ್ಪವಿತ್ತು.

ಮೂರು ದಿನದಿಂದ ಊಟದ ಮೇಜಿನ ಮೇಲೆ ಅದೇ ಮಾತು. “ಅವ್ರ ಕೈ ಎಷ್ಟು ಹಗುರ ಗೊತ್ತಾ? ಇಡೀ ಹೊತ್ತು ಮಾತಾಡ್ತಾನೇ ಇದ್ರು. ಭಯ ಪಡೋಕೂ ಪುರುಸೊತ್ತು ಕೊಡ್ಲಿಲ್ಲ.” ಅವನು ಅನ್ನ ಕಲೆಸಿಕೊಳ್ಳುತ್ತ ಹೂಂಗುಟ್ಟಿದ್ದ.

ಆಸ್ಪತ್ರೆಯಲ್ಲಿ ಅವನ ಕೋಣೆ ಮೇಲಿನ ಮಹಡಿಯಲ್ಲಿ, ಕಾರಿಡಾರಿನ ಕೊನೆಗೆ. ಲೇಸರ್ ಆದಮೇಲೆ ಕಣ್ಣು ಒಣಗಿದವರು, ಉರಿಯುವವರು, ದೀಪದ ಸುತ್ತ ಬಳೆ ಕಾಣುವವರು ಅಲ್ಲಿಗೆ ಬರುತ್ತಿದ್ದರು. ನಗುತ್ತ ಬಂದವರಿಲ್ಲ. ನಗುತ್ತ ಹೋದವರು ಕೆಳಗಿಳಿದು ಚಿಕ್ಕ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಅಂದು ಮೊದಲು ಬಂದವನು ಡ್ರೈವಿಂಗ್ ಕಲಿಸುವ ಮೇಷ್ಟ್ರು. ಎರಡೂ ಕಣ್ಣು ಕೆಂಪಗಿದ್ದವು.

“ಚಿಕ್ಕ ಡಾಕ್ಟ್ರ ತಪ್ಪೇನಿಲ್ಲ ಸಾರ್,” ಎಂದ, ಕೇಳುವ ಮೊದಲೇ. “ನನ್ನ ಕಣ್ಣೇ ಸರಿ ಇಲ್ಲ.”

“ಇರಬಹುದು,” ಎಂದು ಅವನು ಡ್ರಾಪ್ಸ್ ಬರೆದುಕೊಟ್ಟ.

ಹನ್ನೊಂದು ಗಂಟೆಗೆ ಬಾಗಿಲು ತಟ್ಟದೆ ಚಿಕ್ಕ ಡಾಕ್ಟರ್ ಒಳಗೆ ಬಂದ. ಹಿಂದೆ ಹೆಂಡತಿ.

“ಸರ್, ಮೇಡಂ ಕಣ್ಣು. ನೀವೇ ನೋಡ್ಬೇಕು.”

ಅವಳು ಯಂತ್ರದ ಪಟ್ಟಿಯ ಮೇಲೆ ಗದ್ದ ಊರಿದಳು. ಅವನು ಬೆಳಕಿನ ಗೀಟನ್ನು ಎಡಗಣ್ಣಿಗೆ ಹಾಯಿಸಿದ. ಪದರದ ಅಡಿಯಲ್ಲಿ ಬಿಳಿ ಮರಳಿನಂಥ ಕಣಗಳು. ಯಾರೋ ಹಿಡಿ ತುಂಬ ಎರಚಿದ್ದು ಗಾಳಿಗೆ ಗುಡ್ಡೆಯಾದಂತೆ ನಡುವಿಗೆ ಸರಿದಿತ್ತು. ಸೋಂಕಲ್ಲ, ಉರಿಯೂತ. ಬಿಟ್ಟರೆ ಪದರ ಕರಗಿ ಕಲೆ ಉಳಿಯುತ್ತದೆ. ಇಂಥದ್ದು ಯಾರ ಕೈಯಲ್ಲೂ ಆಗಬಹುದು. ಅವನ ಕೈಯಲ್ಲೂ ಆಗಿತ್ತು, ಎರಡು ಸಲ.

ಎದೆಯಲ್ಲಿ ಏನೋ ಮೇಲೆದ್ದಿತು. ಗಾಬರಿ ಎಂದುಕೊಂಡ. ಅಲ್ಲ. ಅದು ಸಂತೋಷ.

“ಹೇಗಿದೆ?” ಎಂದಳು. ಯಾರನ್ನು ಕೇಳಿದಳೋ.

“ಅಲ್ಲಾಡಬೇಡ.”

ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಆಮೇಲೆ ಚೀಟಿ ಎಳೆದುಕೊಂಡ. “ಗಂಟೆಗೊಂದು ಸಲ ಡ್ರಾಪ್ಸ್ ಹಾಕಲಿ. ನಾಳೆ ನೋಡೋಣ.”

ಚಿಕ್ಕ ಡಾಕ್ಟರ್ ಅಲ್ಲಾಡಲಿಲ್ಲ. “ಸರ್, ಮಧ್ಯಕ್ಕೆ ಬಂದ್ಬಿಟ್ಟಿದೆ. ಇವತ್ತೇ ಪದರ ಎತ್ತಿ ತೊಳೀಬೇಕಲ್ವಾ? ಒಂದು ದಿನ ಕಾದ್ರೂ ಕಲೆ ಉಳಿಯತ್ತೆ ಅಂತ ನಮ್ಗೆ ಪಾಠ ಮಾಡಿದ್ದು ನೀವೇ.”

“ಹಾಗಾದ್ರೆ ನೀನೇ ತೊಳಿ.”

“ಮೇಡಂ ಕಣ್ಣು ನೋಡಿದಾಗಿಂದ ಕೈ ನಡುಗ್ತಿದೆ ಸರ್. ನನ್ನ ಕೈಲಾಗಲ್ಲ.”

ಆ ಬಾಯಿಂದ ಈ ಮಾತು ಬರಲಿ ಎಂದು ಅವನು ವರ್ಷಗಟ್ಟಲೆ ಕಾದಿದ್ದ. ಬಂತು, ನೀರು ಕುಡಿದಷ್ಟು ಸಲೀಸಾಗಿ. ಅಷ್ಟು ಸಲೀಸಾಗಿ ಹೇಳುವುದು ತನಗೆ ಈ ಜನ್ಮದಲ್ಲಿ ಬಾರದು ಎನಿಸಿ, ಅದಕ್ಕೂ ಹೊಟ್ಟೆ ಉರಿಯಿತು. ಚೀಟಿಯನ್ನು ಹರಿದ.

“ಅವ್ರೂ ಒಳಗೆ ಇರ್ತಾರೆ ತಾನೇ?” ಎಂದಳು ಹೆಂಡತಿ.

“ಇರ್ತಾನೆ.”

ಬಲಗಣ್ಣಿಗೆ ನರ್ಸ್ ಹತ್ತಿಯಿಟ್ಟು ಪಟ್ಟಿ ಅಂಟಿಸಿದಳು. ಎಡಗಣ್ಣನ್ನು ಮರಗಟ್ಟಿಸಿ, ರೆಪ್ಪೆಗಳಿಗೆ ಕ್ಲಿಪ್ ಹಾಕಿದರು. ಮೈಕ್ರೋಸ್ಕೋಪಿನಲ್ಲಿ ಅವಳ ಮುಖವಿರಲಿಲ್ಲ, ಕಣ್ಣೊಂದೇ, ತಟ್ಟೆಯಗಲ. ಅದು ಯಾರದ್ದಾದರೂ ಆಗಬಹುದಿತ್ತು. ಅವನು ಪದರದ ಅಂಚು ಬಿಡಿಸಿ ಮಗುಚಿದ.

“ಅಯ್ಯೋ, ಎಲ್ಲಾ ಕಲಸಿ ಹೋಯ್ತು,” ಎಂದಳು. “ಡಾಕ್ಟ್ರೇ, ಇದ್ದೀರಾ?”

“ಇದ್ದೀನಿ,” ಎಂದ ಅವನು.

“ನಿಮ್ಮನ್ನಲ್ಲ ರೀ.”

“ಇಲ್ಲೇ ಇದ್ದೀನಿ ಮೇಡಂ,” ಎಂದ ಚಿಕ್ಕ ಡಾಕ್ಟರ್ ಮಂಚದ ಆಚೆಯಿಂದ. “ಈಗ ನೀರು ಬಿಡ್ತಾರೆ, ತಣ್ಣಗಿರತ್ತೆ. ಸರ್ ಕೈಲಿದೀರ, ಯೋಚ್ನೆ ಯಾಕೆ?”

ಅವಳ ಹಣೆಯ ಮೇಲೆ ಊರಿದ್ದ ಅವನ ಮಣಿಕಟ್ಟಿಗೆ ತಿಳಿಯಿತು: ಬಿಗಿದಿದ್ದ ಹುಬ್ಬು ಸಡಿಲವಾಯಿತು.

ತೊಳೆದ. ಮರಳು ಕೊಚ್ಚಿಕೊಂಡು ಹೋಯಿತು. ಪದರವನ್ನು ಮತ್ತೆ ಹೊದಿಸಿದ. ಪಾಪೆಯ ಪಕ್ಕದಲ್ಲಿ ಒಂದು ಸುಕ್ಕು ಉಳಿದಿತ್ತು, ಕೂದಲಿನಷ್ಟು. ಅವನೊಬ್ಬನಿಗೇ ಕಾಣುತ್ತಿತ್ತು. ಹಾಗೇ ಬಿಟ್ಟರೆ ಅವಳು ನೋಡುವ ಪ್ರತಿ ದೀಪಕ್ಕೂ ಒಂದು ಗೀರು. ಯಾರ ಕೈಯ ತಪ್ಪೆಂದು ಯಾರೂ ಹೇಳಲಾರರು. ಅಂದರೆ, ಮೊದಲು ಮಾಡಿದವನದೇ ಎನ್ನುತ್ತಾರೆ.

ಒದ್ದೆ ಸ್ಪಂಜು ಹಿಡಿದ ಕೈ ಕಣ್ಣಿನ ಮೇಲೆ ನಿಂತಿತು.

“ಸರ್?”

ನೇವರಿಸಿದ. ಹೋಗಲಿಲ್ಲ. ಇನ್ನೊಮ್ಮೆ, ನಡುವಿನಿಂದ ಅಂಚಿನ ಕಡೆಗೆ. ಹೋಯಿತು. ಅವನ ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದಿರಲಿಲ್ಲ. ನೋಡಿದವರು ಯಾರೂ ಇರಲಿಲ್ಲ.

ಕ್ಲಿಪ್ ತೆಗೆದು, ಮುಖದ ಮೇಲಿನ ಬಟ್ಟೆ ಸರಿಸಿದರು. ಬಲಗಣ್ಣಿನ ಪಟ್ಟಿ ಇನ್ನೂ ಇತ್ತು. ಎಡಗಣ್ಣು ನೀರಿನಲ್ಲಿ ತೇಲುತ್ತಿತ್ತು. ಅವಳು ರೆಪ್ಪೆ ಬಡಿದಳು. ಮಂಚದ ಆಚೆಗೊಬ್ಬ, ಈಚೆಗೊಬ್ಬ. ಅದೇ ಹಸಿರು ನಿಲುವಂಗಿ, ಅದೇ ಟೋಪಿ, ಅದೇ ಮುಖಗವಸು.

“ಇಬ್ರೂ ಒಂದೇ ಥರ ಇದ್ದೀರ,” ಎಂದು ನಕ್ಕಳು. “ಯಾರು ಯಾರು?”

ಎದ್ದು ಕೂರಲು ಆಸರೆಗೆಂದು ಕೈ ಎತ್ತಿದಳು.

ಚಿಕ್ಕ ಡಾಕ್ಟರ್ ಹಿಡಿಯಲಿಲ್ಲ. ಗೌರವಕ್ಕೋ ಏನೋ ಒಂದು ಹೆಜ್ಜೆ ಹಿಂದೆ ಸರಿದ. ಅವನೂ ಹಿಡಿಯಲಿಲ್ಲ. ಆ ಕೈ ತಾನಾಗಿ ಎತ್ತ ತಿರುಗುತ್ತದೆ ಎಂದು ನೋಡಬೇಕಿತ್ತು. ಬಾಯಿಬಿಟ್ಟರೆ ದನಿಯಿಂದ ಗುರುತು ಹಿಡಿದುಬಿಡುತ್ತಿದ್ದಳು.

“ರೀ?” ಎಂದಳು. ಸ್ವಲ್ಪ ತಡೆದು, “ಡಾಕ್ಟ್ರೇ?”

ಯಾರೂ ದೀಪ ಆರಿಸಿರಲಿಲ್ಲ. ಎದುರಿನ ಬಿಳಿ ಗೋಡೆಯ ಮೇಲೆ ಕೈಯ ನೆರಳು, ಯಾವ ಮೈಗೂ ಸೇರದ್ದು, ಐದೂ ಬೆರಳು ಬಿಚ್ಚಿಕೊಂಡು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಡಕಾಡುತ್ತಿತ್ತು.