ಗುಡ್ಡದಮ್ಮನ ಮಗ್ಗುಲ ಕುಣಿ

"ಇಲ್ಲಿ ಬ್ಯಾಡ ಚಿಗಪ್ಪ, ನಿನ್ನ ಕಾಲಿಗೆ ಬೀಳ್ತೀನಿ," ಎನ್ನುತ್ತ ನಾಗಜ್ಯೋತಿ ಅಪ್ಪನ ತಮ್ಮ ಎರ್ರಿಸ್ವಾಮಿಯ ಗುದ್ದಲಿಯ ಕಾವನ್ನು ಹಿಡಿದುಕೊಂಡಳು. ಕುಂಕುಮ ಮೆತ್ತಿದ ಗುಡ್ಡದಮ್ಮನ ಕಲ್ಲಿನ ಮಗ್ಗುಲಲ್ಲೇ ಕುಣಿ ಮೊಣಕಾಲುದ್ದ ಆಗಿತ್ತು. ಅವಳಪ್ಪ ಮಾರೆಪ್ಪನ ಹೆಣ ಬೇವಿನ ನೆರಳಲ್ಲಿ ಕಾಯುತ್ತಿತ್ತು.

"ಮತ್ತೆಲ್ಲಿ ಹಾಕಬೇಕವ್ವ? ಜೀವ ಇರೋತನಕ ಅಮ್ಮನ ಪೂಜಿ ಮಾಡ್ಯಾನ. ಆಕಿ ಮಗ್ಗುಲಾಗ ಮಲಗಲಿ ಬಿಡು."

"ಇಲ್ಲಿ ಅಮ್ಮಾನೂ ಇಲ್ಲ, ಅಕ್ಕಾನೂ ಇಲ್ಲ. ತಳಗ ಕಂಪನಿಯೋರ ಅಣು ಕಸ ಐತಿ. ಅಪ್ಪನೇ ನಿಂತು ಮುಚ್ಚಿದ್ದು."

"ಅಯ್ಯೋ ಪಾಪಂ!" ನೆರೆಮನೆಯ ಭೀಮಕ್ಕ ಲೊಚಗುಟ್ಟಿದಳು. "ದುಃಖಕ್ಕ ಮತಿ ಕೆಟ್ಟೈತಿ. ಆಕಿನ್ನ ಅತ್ತಗ ಕರಕೊಂಡು ಹೋಗ್ರಿ."

*

ಊರು ಬಿಡುವ ಮೊದಲು ಗಣಿ ಕಂಪನಿ ಈ ಗುಡ್ಡದ ಹಳೆಯ ಸುರಂಗಕ್ಕೆ ಅಣು ಕಸದ ಡ್ರಮ್ಮುಗಳನ್ನು ಇಳಿಸಿ, ಜಿಗಟು ಮಣ್ಣು ಗಿಡಿದು, ಮೇಲೆ ಕಾಂಕ್ರೀಟು ಹಾಕಿಸಿತ್ತು. ಆ ಕೂಲಿಗೆ ಹೋದ ಊರಿನವನು ಮಾರೆಪ್ಪನೊಬ್ಬನೇ. ಎಚ್ಚರಿಕೆ ಬರೆದು ನಿಲ್ಲಿಸಿದ್ದ ತಗಡು ನಾಲ್ಕು ದಿನದಲ್ಲೇ ಯಾರದೋ ಕುರಿಹಟ್ಟಿಯ ಬಾಗಿಲಾಯಿತು. ಮಾರೆಪ್ಪ ನೋಡಿ ನೋಡಿ ಸಾಕಾಗಿ, ಅಲ್ಲೊಂದು ಕಲ್ಲು ನೆಟ್ಟು ಕುಂಕುಮ ಬಳಿದುಬಿಟ್ಟ.

"ತಗಡಿಗೆ ಯಾರೂ ಅಂಜಂಗಿಲ್ಲ, ಅಮ್ಮಗ ಅಂಜತಾರ," ಎಂದು ಮಗಳ ಮುಂದೆ ನಕ್ಕಿದ್ದ. ಆಮೇಲೆ ನಗು ಬಿಟ್ಟು ಹೇಳಿದ್ದ: "ಆ ಮುಚ್ಚಳ ಒಡದ್ರ ಊರು ಉಳಿಯಂಗಿಲ್ಲ. ನಾ ಇಲ್ಲದಾಗ ನೀ ಕಾಯಬೇಕು."

ಊರು ಅಂಜಿತು. ಬರಬರುತ್ತ ಕಾಯಿ ಒಡೆಯಿತು, ಹರಕೆ ಹೊತ್ತಿತು. ದೂರ ಇರಲೆಂದು ಇಟ್ಟ ಕಲ್ಲಿಗೆ ಜನ ಹತ್ತಿರವಾಗಿಬಿಟ್ಟಿದ್ದರು.

*

ಗುದ್ದಲಿ ಠಣ್ ಎಂದಿತು.

"ಬಂಡೆ ತಗಲೈತಿ. ಹಾರೆ ತರ್ರಿ, ಒಡದುಬಿಡೋಣ," ಎಂದ ಎರ್ರಿಸ್ವಾಮಿ.

ಅದು ಬಂಡೆಯಲ್ಲ, ಕಾಂಕ್ರೀಟಿನ ಮುಚ್ಚಳವೆಂದು ನಾಗಜ್ಯೋತಿಗೆ ಗೊತ್ತಿತ್ತು. ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ಹಾರೆ ಆಗಲೇ ಕೈಯಿಂದ ಕೈಗೆ ಬರುತ್ತಿತ್ತು. ಅವಳು ತುರುಬು ಬಿಚ್ಚಿ ಕುಣಿಗೆ ಧುಮುಕಿದಳು. ತಲೆ ಕೊಡವುತ್ತ, ತನಗೇ ಗುರುತು ಹತ್ತದ ದನಿಯಲ್ಲಿ ಚೀರಿದಳು:

"ನನ್ನ ನೆತ್ತಿ ಮ್ಯಾಲೆ ಹೆಣ ಹಾಕ್ತೀರೇನ್ರೋ? ಮುಚ್ಚ್ರಿ! ಈ ನೆಲ ಅಗದೋರ ವಂಶ ಉಳಿಸಂಗಿಲ್ಲ!"

"ತಪ್ಪಾತವ್ವಾ!" ಎರ್ರಿಸ್ವಾಮಿ ಹಾರೆ ಬಿಸಾಕಿ ಅಡ್ಡಬಿದ್ದ. ಹೆಂಗಸರು ಅವಳನ್ನು ಮೇಲೆತ್ತಿದರು, ಗಂಡಸರು ದಡಬಡ ಮಣ್ಣೆಳೆದರು. ಹಲಗೆ ಬಾರಿಸುತ್ತ ಮಾರೆಪ್ಪನನ್ನು ಕೆಳಗೆ ಹಳ್ಳದ ದಂಡೆಗೆ ಹೊತ್ತುಕೊಂಡು ಹೊರಟರು.

ಅಪ್ಪನ ಕುಣಿಗೆ ಹಾಕಲು ಒಂದು ಹಿಡಿ ಮಣ್ಣು ತೆಗೆದುಕೊಂಡು ನಾಗಜ್ಯೋತಿಯೂ ಎದ್ದಳು. ಭೀಮಕ್ಕ ಅಡ್ಡ ನಿಂತು, ಅವಳ ಹಣೆಗೆ ಕುಂಕುಮ ಹಚ್ಚಿದಳು.

"ನೀ ಬರಬಾರದು ತಾಯಿ. ಅಮ್ಮ ಹೆಣದ ಹಿಂದ ಬರಂಗಿಲ್ಲ."

ಎಲ್ಲರೂ ಇಳಿದುಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನ ಹಲಗೆಯ ಸದ್ದು ನಿಂತಿತು, ಮಣ್ಣು ಹಾಕುತ್ತಿರಬೇಕು. ನಾಗಜ್ಯೋತಿ ಮುಷ್ಟಿಯಲ್ಲಿದ್ದ ಮಣ್ಣನ್ನು ಕಲ್ಲಿನ ಮಗ್ಗುಲ ಹಸಿ ನೆಲದ ಮೇಲೆ ಸುರಿದು, ಅಂಗೈಯಿಂದ ಒತ್ತಿ ಒತ್ತಿ ಗಟ್ಟಿ ಮಾಡತೊಡಗಿದಳು.