ಅತ್ತೆಗುಂಟೆ

ಕಾಂತರಾಜುವಿಗೆ ಹೊಲಗಳ ಹೆಸರು ಕೇಳುವ ಹುಚ್ಚು. ಹುಚ್ಚು ಅನ್ನುತ್ತಿದ್ದವರು ಡಿಪೋದವರು. ಅವನ ಮಟ್ಟಿಗೆ ಅದು ಊಟದ ಮೇಲಿನ ಎಲೆಅಡಿಕೆ ಇದ್ದ ಹಾಗೆ, ಅದಿಲ್ಲದೆ ದಿನ ಮುಗಿದಂತಾಗುತ್ತಿರಲಿಲ್ಲ. ದೇವನಹಳ್ಳಿ, ಅದೇ ತಾಲ್ಲೂಕಿನ ವಿಜಯಪುರದ ನಡುವೆ ಓಡಾಡುವ ಸರ್ಕಾರಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರು. ಟಿಕೆಟ್ ಹರಿದುಕೊಡುತ್ತಲೇ ನಿಮ್ಮ ಹೊಲಕ್ಕೆ ಏನಂತ ಕರೀತೀರಿ ಎಂದು ಕೇಳುವುದು, ಹೇಳಿದ್ದನ್ನು ರದ್ದಿ ಕಾಗದದ ಬೆನ್ನಿಗೆ ಗೀಚಿಕೊಳ್ಳುವುದು. ಜಗಳದ ದಿಣ್ಣೆ, ಮುದುಕಿ ಜಾರಿದ ಬಂಡೆ, ಹಾಲು ಚೆಲ್ಲಿದ ಹೊಲ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲಂತೂ ಅವನಿಗೆ ಸುಗ್ಗಿ. ಅಂಥ ಹೆಸರುಗಳೇ ಹದಿನೇಳು ನೋಟ್‌ಬುಕ್ ತುಂಬಿದ್ದವು.

ಈ ಹುಚ್ಚು ಹಿಡಿಸಿದವಳು ಅವನ ತಾಯಿ ಅಂಜಿನಮ್ಮ. ಅವಳು ಹೋಗಿ ಹನ್ನೊಂದು ವರ್ಷವಾಯಿತು. ಅವನು ಮೂರನೇ ಕ್ಲಾಸಿನಲ್ಲಿದ್ದಾಗ ಶನಿವಾರ ಮಧ್ಯಾಹ್ನ ಹುಲ್ಲು ಕೊಯ್ಯಲು ಜೊತೆಗೆ ಕರೆದುಕೊಂಡು ಹೋಗುವಳು. ದಾರಿಯುದ್ದಕ್ಕೂ ಇದು ಇಂಥ ಹೊಲ, ಅದು ಅಂಥ ದಿಣ್ಣೆ ಎಂದು ನೆಂಟರನ್ನು ಪರಿಚಯ ಮಾಡಿಸುವಂತೆ ಹೇಳುವಳು. ವಾಪಸ್ಸು ಬರುವಾಗ ಒಂದು ಜಾಗದಲ್ಲಿ ಮಾತ್ರ ಹೊರೆ ಇಳಿಸಿ ಕೂರುವಳು. ಅದೇ ಅತ್ತೆಗುಂಟೆ.

ಅದಕ್ಕೊಂದು ಕತೆಯಿತ್ತು. ಹಿಂದೊಂದು ಕಾಲಕ್ಕೆ ಒಬ್ಬ ಅತ್ತೆ ಇದ್ದಳಂತೆ. ಹೊಸದಾಗಿ ಬಂದ ಸೊಸೆಗೆ ಮನೆಯಲ್ಲಿ ಒಂದು ಗಳಿಗೆ ಕೂರಲು ಜಾಗವಿಲ್ಲ, ಅಳಲೂ ಮರೆಯಿಲ್ಲ ಎನ್ನುವುದನ್ನು ನೋಡಿದಳಂತೆ. ತನ್ನ ಪಾಲಿನ ಭೂಮಿಯಲ್ಲಿ ಸರಿಯಾಗಿ ಒಂದು ಗುಂಟೆ ಅಳೆಸಿ, ಕಲ್ಲು ನೆಡಿಸಿ, ಇದು ನಿಂದು ಅಂದಳಂತೆ. "ಇಲ್ಲಿ ಕೂತಿದ್ದಾಗ ನಿನ್ನ ಯಾರೂ ಕರಿಯೋ ಹಂಗಿಲ್ಲ. ನನ್ನ ಮಗನೂ ಕರಿಯೋ ಹಂಗಿಲ್ಲ," ಅಂದಳಂತೆ. ಇದನ್ನು ಹೇಳುವಾಗ ಅಂಜಿನಮ್ಮನ ದನಿ ಮೆತ್ತಗಾಗುತ್ತಿತ್ತು. ಅವಳ ಸೆರಗಿನ ಹಸಿಹುಲ್ಲಿನ ವಾಸನೆ ಕಾಂತರಾಜುವಿಗೆ ಈಗಲೂ ನೆನಪಾಗುತ್ತದೆ.

ನಲವತ್ತು ದಾಟಿದ ಮೇಲೆ ಅಂಚೆ ಮೂಲಕ ಎಂ.ಎ. ಕಟ್ಟಿದ. ಪಾಸೂ ಆದ. ನಲವತ್ತೇಳಕ್ಕೆ ಪಿಎಚ್‌ಡಿಗೆ ಸೇರಿದ. ವಿಷಯ ಹೊಲಗಳ ಹೆಸರೇ. ಡಿಪೋದಲ್ಲಿ ನಗೆಪಾಟಲು. ಡಾಕ್ಟರು ಬಂದರು, ಸೂಜಿ ಚುಚ್ಚುತ್ತಾರೆ, ಜಾಗ ಬಿಡಿ ಎಂದು ರೇಗಿಸುವರು. ಎಲ್ಲರಿಗಿಂತ ಹೆಚ್ಚು ರೇಗಿಸುವವನು ಅವನ ಬಸ್ಸಿನ ಡ್ರೈವರ್ ಚಲಪತಿ. ಬಿಡುವಿಲ್ಲದ ದಿನ ಅವನ ಲೆಕ್ಕದ ಹಾಳೆ ಬರೆದುಕೊಡುವವನೂ ಚಲಪತಿಯೇ.

ಗೈಡ್ ರೂಪ ಮೇಡಂ ಅವನಿಗಿಂತ ಎಂಟು ವರ್ಷ ಚಿಕ್ಕವರು. ಒಳ್ಳೆಯವರೇ, ಆದರೆ ಪಾಠದಲ್ಲಿ ಕಟ್ಟುನಿಟ್ಟು. ಹದಿನೇಳು ನೋಟ್‌ಬುಕ್ಕನ್ನೂ ಓದಿ ಸಂತೋಷಪಟ್ಟರು, ಆಮೇಲೆ ಒಂದು ನಮೂನೆ ಕೈಗಿಟ್ಟರು. ಹೆಸರು, ಉಚ್ಚಾರಣೆ, ಹೇಳಿದವರು, ಅವರ ವಯಸ್ಸು. ಒಂದೊಂದು ಹೆಸರನ್ನೂ ಕಡಿಮೆಯೆಂದರೆ ಮೂವರು ಬೇರೆಬೇರೆಯಾಗಿ ಹೇಳಿರಬೇಕು, ಒಬ್ಬರೇ ಹೇಳಿದ್ದನ್ನು ಪ್ರಬಂಧಕ್ಕೆ ಸೇರಿಸುವಂತಿಲ್ಲ. ಕಾಂತರಾಜು ತಲೆಯಾಡಿಸಿದ. ಅಂದಿನಿಂದ ಅವನು ರೆಕಾರ್ಡರ್ ಹಿಡಿದು ಹೋದಲ್ಲೆಲ್ಲ ಜನ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಹಾಗೆ ಮಾತಾಡತೊಡಗಿದರು. ಬಸ್ಸಿನಲ್ಲಿ ಜೋತುಬಿದ್ದು ನಗುನಗುತ್ತ ಹೇಳುತ್ತಿದ್ದ ಆ ಬಾಯಿಗಳೇ ಇವು ಎಂದು ನಂಬುವುದು ಕಷ್ಟವಾಗುತ್ತಿತ್ತು.

ಅವನ ಆಸೆ ದೊಡ್ಡದೇನಲ್ಲ. ಮೊದಲ ಅಧ್ಯಾಯ ಅತ್ತೆಗುಂಟೆಯಿಂದ ಶುರುವಾಗಬೇಕು, ಅಡಿಯಲ್ಲಿ ಹೇಳಿದವರು ಅಂಜಿನಮ್ಮ ಎಂದು ಅಚ್ಚಾಗಬೇಕು. ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸಿನ ಹೆಸರು ವಿಶ್ವವಿದ್ಯಾಲಯದ ಕಪಾಟಿನಲ್ಲಿ ಕೂರಬೇಕು. ಇನ್ನಿಬ್ಬರು ಸಿಕ್ಕರೆ ಸಾಕಿತ್ತು.

ಆ ಅಧ್ಯಾಯದ ಕರಡು ಓದುತ್ತ ಮೇಡಂ ಪೆನ್ಸಿಲ್ ನಿಲ್ಲಿಸಿದರು. "ಕಾಂತರಾಜು ಅವರೇ, ಇದು ಗುಂಟೆ ಹೌದಾ? ಮಳೆ ಕಾಲ ಸೇರಿದರೆ ಮಳೆಗಾಲ ಆಗಲ್ವಾ, ಹಾಗೆ ಕುಂಟೆ ಕೂಡ ಗುಂಟೆ ಆಗಿರಬಹುದಲ್ಲ?" ಅಂದರು. ಅವನ ಕಡೆ ಕುಂಟೆ ಅಂದರೆ ಸಣ್ಣ ಕೆರೆ, ದನ ಇಳಿದು ನೀರು ಕುಡಿಯುವಷ್ಟರದ್ದು. ಆ ಜಾಗದಲ್ಲಿ ಅಂಥದ್ದೊಂದು ಇತ್ತು. ಈಗ ಅದನ್ನು ಮುಚ್ಚಿ ಗೋಡೌನು ಎಬ್ಬಿಸಿದ್ದಾರೆ. ಆದೇಶಸಂಧಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದವನಿಗೆ ಅದು ತನ್ನ ಅಮ್ಮನ ಬಾಯಲ್ಲೇ ಇದ್ದೀತು ಅಂತ ಹೊಳೆದೇ ಇರಲಿಲ್ಲ.

ಊರಿನಲ್ಲಿ ಆರು ಜನರನ್ನು ಕೇಳಿದ. ಆರೂ ಜನ ಅತ್ತಿಗುಂಟೆ ಅಂದರು. ಎಂಬತ್ತು ದಾಟಿದ ಪಾಪಕ್ಕ ಅಮ್ಮನ ಜೊತೆ ಹುಲ್ಲಿಗೆ ಹೋಗುತ್ತಿದ್ದವಳು. ಕೊನೆಗೆ ಅವಳ ಜಗಲಿಗೆ ಹೋಗಿ ಕೂತ. ರೆಕಾರ್ಡರನ್ನು ಜೇಬಿನಿಂದ ತೆಗೆಯಲಿಲ್ಲ.

"ಅತ್ತಿ ಮರ ಇತ್ತು ಕಣಪ್ಪ, ಕುಂಟೆ ಏರಿ ಮೇಲೆ," ಅಂದಳು ಪಾಪಕ್ಕ. "ಹಣ್ಣು ಉದುರಿ ನೀರೆಲ್ಲ ಕೆಂಪಗಾಗೋದು. ಅದಕ್ಕೇ ಅತ್ತಿಗುಂಟೆ."

ಹಾಗಾದರೆ ಅತ್ತೆ ಸೊಸೆಗೆ ಕೊಟ್ಟ ಗುಂಟೆಯ ಕತೆ ಏನಾಯಿತು ಎಂದು ಅವನು ಅದನ್ನು ಪೂರ್ತಿ ಹೇಳಿದ. ಪಾಪಕ್ಕ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಯಾವ ಅತ್ತೆ ಕೊಟ್ಟಾಳಪ್ಪ? ನಿಮ್ಮಜ್ಜಿ ನಿಮ್ಮಮ್ಮಂಗೆ ಕೂರೋಕೆ ಒಂದು ಮಣೆನೂ ಕೊಟ್ಟೋಳಲ್ಲ. ಅವಳು ಆ ಮರದಡಿ ಬಂದು ಅತ್ಕೊಂಡು, ಮುಖ ತೊಳ್ಕೊಂಡು ಮನೆಗೆ ಹೋಗೋಳು. ನಮ್ಮ ಹತ್ರ ಈ ಕತೆ ಯಾವತ್ತೂ ಹೇಳ್ಲಿಲ್ಲ. ನಿಂಗೊಬ್ಬನಿಗೇ ಹೇಳವ್ಳೆ."

ಅಮ್ಮ ಸುಳ್ಳು ಹೇಳಿದಳು ಅಂತ ಕಾಂತರಾಜುವಿಗೆ ಅನ್ನಿಸಲಿಲ್ಲ. ತನಗೆ ಯಾರೂ ಕೊಡದೇ ಇದ್ದುದನ್ನು ಅತ್ತಿಯನ್ನು ಅತ್ತೆ ಮಾಡಿ ತಾನೇ ಕೊಟ್ಟುಕೊಂಡಿದ್ದಳು. ಇಷ್ಟು ವರ್ಷ ಊರೂರಿನ ಬಾಯಿ ಕೇಳುತ್ತ ತಿರುಗಿದವನು ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ಈಗ ಕೇಳಬೇಕು ಅನ್ನಿಸಿದರೆ ಯಾವ ರೂಟಿನ ಬಸ್ಸು ಹತ್ತುವುದು?

ನಮೂನೆಯಲ್ಲಿ ಅತ್ತಿಗುಂಟೆ ಎಂದು ಬರೆದ. ಹೇಳಿದವರು ಏಳು ಜನ. ಅಮ್ಮನ ಹೆಸರು ಅದರಲ್ಲಿಲ್ಲ. ಬೇಕಿದ್ದರೆ ಮುನ್ನುಡಿಯಲ್ಲಿ ಆ ಕತೆ ಹಾಕಿಕೊಳ್ಳಿ ಎಂದು ರೂಪ ಮೇಡಂ ತಾವೇ ಹೇಳಿದರು. ಬೇಡ ಮೇಡಂ, ಓದಿದವರು ಅದನ್ನೇ ಹಿಡ್ಕೋತಾರೆ, ಮರ ಮರೆತುಹೋಗುತ್ತೆ ಅಂದ. ಮೇಡಂ ಆಮೇಲೆ ಒತ್ತಾಯ ಮಾಡಲಿಲ್ಲ.

ಒಂದು ಮಂಗಳವಾರ ಮಟಮಟ ಮಧ್ಯಾಹ್ನ ಬಸ್ಸು ಖಾಲಿಯಾಗಿ ವಾಪಸ್ಸು ಬರುತ್ತಿತ್ತು. ಕುಂಟೆಯಿದ್ದಲ್ಲಿ ಈಗ ಗೋಡೌನ್ ಸ್ಟಾಪು. ದಿನವೂ ಹಾಗೇ ಕೂಗುತ್ತಾನೆ. ಜನರಿದ್ದಾಗ ಅಮ್ಮ ಇಟ್ಟ ಹೆಸರು ಕೂಗಿದರೆ ನಾಲ್ಕು ಬಾಯಿಗೆ ಬಿದ್ದು ಅದೇ ನಿಜವಾಗುತ್ತದೆ, ಕಲಿತ ವಿದ್ಯೆಗೆ ಅದು ಮೋಸ. ಇವತ್ತು ಕೇಳುವವರಿಲ್ಲ. ಹಿಂದಿನ ಬಾಗಿಲ ಹತ್ತಿರ ಬಂದು ನಿಂತ.

"ಅತ್ತೆಗುಂಟೆ. ಯಾರಮ್ಮ ಅತ್ತೆಗುಂಟೆ, ಇಳ್ಕೊಳ್ಳಿ."

ಚಲಪತಿ ಅಭ್ಯಾಸಬಲದಿಂದ ಬ್ರೇಕ್ ಒತ್ತಿದ. ಬಸ್ಸು ನಿಂತ ಮೇಲೆ ತಿರುಗಿ ನೋಡಿದ. "ಯಾರೋ ಇಳಿಯೋರು? ಒಂದು ನರಪಿಳ್ಳೆನೂ ಇಲ್ವಲ್ಲೋ."

"ಇರೋ ಸ್ವಲ್ಪ," ಅಂದ ಕಾಂತರಾಜು. "ತಲೆ ಮೇಲೆ ಹುಲ್ಲಿನ ಹೊರೆ ಐತೆ. ನಿಧಾನಕ್ಕೆ ಇಳೀಲಿ."

ಚಲಪತಿ ರೇಗಿಸಲಿಲ್ಲ, ಹಾರನ್ನೂ ಹೊಡೆಯಲಿಲ್ಲ. ರೈಟ್ ಅನ್ನಲು ಕಾಂತರಾಜುವಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.